ವೈದ್ಯ ಲೀ ಷಿಜೆನ್

ಮಧ್ಯ ಚೀನದ ಹುಬೇ ಪ್ರಾಂತದಲ್ಲಿ, ಯಾಂಗ್‌ಟ್ಸಿ ಮಹಾನದಿಯ ದಡದಲ್ಲಿ ಚೀಜೌ ಎಂಬ ಪಟ್ಟಣವಿದೆ. ಒಂದು ಕಡೆ ನದಿ, ಇನ್ನೊಂದು ಕಡೆ ಗುಡ್ಡಗಳು, ನಡುವೆ ಕೆರೆಗಳು ಇರುವ ಈ ಸೀಮೆಯಲ್ಲಿ ಔಷಧಿಯ ಗಿಡಮೂಲಿಕೆಗಳು ಹಿಂದಿನಿಂದಲೂ ಹೇರಳವಾಗಿ ಬೆಳೆಯುತ್ತವೆ. ಮಿಂಗ್ ವಂಶದ ಅರಸರು ಚೀನವನ್ನು ಆಳುತ್ತಿದ್ದ ಕಾಲದಲ್ಲಿ, 1518ರಲ್ಲಿ, ಈ ಪಟ್ಟಣದ ವೈದ್ಯರ ಮನೆಯೊಂದರಲ್ಲಿ ಲೀ ಷಿಜೆನ್ ಜನಿಸಿದನು. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಆದುದರಿಂದ ಲೀ ಎಂಬುದು ಮನೆತನದ ಹೆಸರು. ಷಿಜೆನ್ ಎಂಬುದು ಅವನಿಗೆ ಇಟ್ಟ ಹೆಸರು.

ಷಿಜೆನ್ನನ ಅಜ್ಜ ಊರೂರು ತಿರುಗಿ ಮದ್ದು ಕೊಡುತ್ತಿದ್ದ ವೈದ್ಯ. ಇಂಥ ವೈದ್ಯರು ಕೈಯಲ್ಲಿ ಗಂಟೆಯೊಂದನ್ನು ಅಲ್ಲಾಡಿಸುತ್ತ ಬೀದಿಯಲ್ಲಿ ನಡೆಯುತ್ತಿದ್ದರು. ಆ ಸದ್ದು ಕೇಳಿ ರೋಗಿಗಳು ಹೊರಗೆ ಬರುತ್ತಿದ್ದರು. ತಂದೆ ಲೀ ಯಾನ್‌ವೆನ್ ಊರಿನಲ್ಲಿಯೇ ನೆಲೆ ನಿಂತು ಹೆಸರು ಗಳಿಸಿದವನು, ಓದು ಬರಹ ಬಲ್ಲವನು. ಜಿನ್‌ಸೆಂಗ್ ಬೇರನ್ನು ಕುರಿತು ಒಂದು ಪುಸ್ತಕವನ್ನೂ, ಆಯ್ ಎಂಬ ಸೊಪ್ಪನ್ನು ಕುರಿತು ಇನ್ನೊಂದನ್ನೂ ಅವನು ಬರೆದಿದ್ದನು. ಈ ಆಯ್ ಗಿಡವು ನಮ್ಮ ಮಾಚಿಪತ್ರೆಯ ಜಾತಿಗೆ ಸೇರಿದುದು. ಚೀಜೌವಿನಲ್ಲಿ ಬೆಳೆದ ಆಯ್ ಸೊಪ್ಪಿಗೆ ಚೀನದಲ್ಲೆಲ್ಲ ಹೆಸರಿತ್ತು. ಇಷ್ಟಿದ್ದರೂ ಮಗನು ವೈದ್ಯನಾಗುವುದು ಯಾನ್‌ವೆನ್ನನಿಗೆ ಬೇಡವಾಗಿತ್ತು. ಆ ಕಾಲದ ಚೀನದಲ್ಲಿ ವೈದ್ಯವೃತ್ತಿಗೆ ಗೌರವ ಕಡಿಮೆ. ಸರ್ಕಾರದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಅಧಿಕಾರಿಯಾದವನಿಗೇ ಮನ್ನಣೆ, ಅವನಿಗೇ ಸಂಪತ್ತು. ಮಗನಾದರೂ ಆ ಮೆಟ್ಟಿಲನ್ನು ಏರಲಿ ಎಂಬುದು ತಂದೆಯ ಆಸೆ. ಯಾವ ತಂದೆಗೆ ತಾನೇ ಅಂಥ ಆಸೆ ಇರುವುದಿಲ್ಲ?

ಮೊದಲ ಮೆಟ್ಟಿಲನ್ನು ಷಿಜೆನ್ನನು ಸುಲಭವಾಗಿಯೇ ಹತ್ತಿದನು. 1531ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಕೆಳಹಂತದ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಪ್ರಾಂತದ ಮಟ್ಟದ ಪರೀಕ್ಷೆ ಮಾತ್ರ ಕಠಿನವಾದುದು. ಪ್ರಾಚೀನ ಗ್ರಂಥಗಳನ್ನು ಕಂಠಪಾಠ ಮಾಡಿ, ಗೊತ್ತಾದ ಚೌಕಟ್ಟಿನಲ್ಲಿ ಪ್ರಬಂಧ ರಚಿಸಬೇಕು. ಸಾವಿರಾರು ಮಂದಿ ಕುಳಿತರೆ ತೇರ್ಗಡೆಯಾಗುವವರು ಕೆಲವರೇ. ವೂಚಾಂಗ್ ನಗರಕ್ಕೆ ಹೋಗಿ ಅವನು ಮೂರು ಬಾರಿ ಪರೀಕ್ಷೆಗೆ ಕುಳಿತನು. ಮೂರು ಬಾರಿಯೂ ಅನುತ್ತೀರ್ಣನಾದನು.

ಇದೇ ವರ್ಷಗಳಲ್ಲಿ ನಡೆದ ಒಂದು ಘಟನೆಯನ್ನು ಷಿಜೆನ್ನನು ಮುಂದೆ ತನ್ನ ಗ್ರಂಥದಲ್ಲಿ ತಾನೇ ಬರೆದಿಟ್ಟಿದ್ದಾನೆ. ಆಗ ಅವನಿಗೆ ಇಪ್ಪತ್ತು ವರ್ಷ. ನೆಗಡಿಯಿಂದ ಮೊದಲಾದ ಕೆಮ್ಮು ಬಹುಕಾಲ ನಿಲ್ಲದೆ, ಮೈ ಬೆಂಕಿಯಂತೆ ಸುಡತೊಡಗಿತು. ದಿನಕ್ಕೆ ಒಂದು ಬಟ್ಟಲಿನಷ್ಟು ಕಫ ಬೀಳುತ್ತಿತ್ತು. ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ, ಊಟವಿಲ್ಲ, ನಿದ್ದೆಯಿಲ್ಲ. ತಿಂಗಳಿಗೂ ಮಿಕ್ಕಿ ಬಗೆಬಗೆಯ ಕಷಾಯಗಳನ್ನು ಕುಡಿದರೂ ರೋಗ ಹೆಚ್ಚಿತೇ ಹೊರತು ಇಳಿಯಲಿಲ್ಲ. ಹುಡುಗ ಉಳಿಯುವುದಿಲ್ಲವೆಂದೇ ಕಂಡವರೆಲ್ಲ ಅಂದುಕೊಂಡರು. ಆಗ ತಂದೆಗೆ, ಮುನ್ನೂರು ವರ್ಷಗಳ ಹಿಂದೆ ಬಾಳಿದ್ದ ಲೀ ದುಂಗ್‌ಯುವಾನ್ ಎಂಬ ಪ್ರಸಿದ್ಧ ವೈದ್ಯನ ಒಂದು ಯೋಗ ನೆನಪಾಯಿತು. ಅದರಲ್ಲಿ ಇದ್ದುದು ಹ್ವಾಂಗ್‌ಚಿನ್ ಎಂಬ ಹಳದಿ ಬೇರು ಒಂದೇ. ಒಂದು ಲಿಯಾಂಗ್, ಎಂದರೆ ಸುಮಾರು 37 ಗ್ರಾಂ ಬೇರನ್ನು ಎರಡು ಬಟ್ಟಲು ನೀರಿಗೆ ಹಾಕಿ, ಒಂದು ಬಟ್ಟಲಿಗೆ ಇಳಿಯುವವರೆಗೆ ಕುದಿಸಿ ಕುಡಿಸಿದನು. ಮರುದಿನ ಜ್ವರ ಬಿಟ್ಟಿತು. ಕೆಮ್ಮೂ ಕಫವೂ ವಾಸಿಯಾದವು. ಅನೇಕ ಮದ್ದುಗಳು ಸೋತಲ್ಲಿ ಒಂದೇ ಒಂದು ಬೇರು ಗೆದ್ದುದನ್ನು ಆ ಯುವಕನು ತನ್ನ ಮೈಯಲ್ಲಿಯೇ ಕಂಡನು. ಮೂರನೆಯ ಸೋಲಿನ ನಂತರ ಅವನು ಪರೀಕ್ಷೆಯ ಆಸೆಯನ್ನು ತೊರೆದು ವೈದ್ಯ ಕಲಿಯಲು ನಿಂತಾಗ ತಂದೆಯು ತಡೆಯಲಿಲ್ಲ.

ರೋಗಿಗಳ ನಡುವೆ ಕುಳಿತ ಮೇಲೆ ಷಿಜೆನ್ನನ ಕಣ್ಣಿಗೆ ಬಿದ್ದ ದೊಡ್ಡ ತೊಡಕು ರೋಗದ್ದಲ್ಲ, ಪುಸ್ತಕದ್ದು. ಚೀನದಲ್ಲಿ ಮೂಲಿಕೆಗಳನ್ನು ವಿವರಿಸುವ ಗ್ರಂಥಗಳ ಪರಂಪರೆ ಬಹು ಹಳೆಯದು. ಅವುಗಳಲ್ಲಿ ಮೊದಲನೆಯದಾದ, ಷೆನ್‌ನುಂಗ್ ಎಂಬ ಪುರಾಣಪುರುಷನ ಹೆಸರಿನಲ್ಲಿರುವ ಗ್ರಂಥದಲ್ಲಿ 365 ಔಷಧಿಗಳಿದ್ದವು. ಒಂದೊಂದು ಯುಗದ ವೈದ್ಯರೂ ಅದಕ್ಕೆ ತಮ್ಮ ಕಾಲದ ತಿಳಿವಳಿಕೆಯನ್ನು ಸೇರಿಸುತ್ತ ಬಂದರು. ಆದರೆ ಹೊಸದನ್ನು ಸೇರಿಸಿದಂತೆ ಹಳೆಯ ತಪ್ಪನ್ನು ತೆಗೆದವರು ವಿರಳ. ಒಂದೇ ಗಿಡಕ್ಕೆ ಎರಡು ಊರುಗಳಲ್ಲಿ ಎರಡು ಹೆಸರಿದ್ದರೆ ಪುಸ್ತಕದಲ್ಲಿ ಅದು ಎರಡು ಗಿಡವಾಗುತ್ತಿತ್ತು. ಎರಡು ಗಿಡಗಳಿಗೆ ಒಂದೇ ಹೆಸರಿದ್ದರೆ ಅವು ಒಂದಾಗಿಬಿಡುತ್ತಿದ್ದವು. ಹ್ವಾಂಗ್‌ಜಿಂಗ್ ಎಂಬುದು ಮೈಗೆ ಪುಷ್ಟಿ ಕೊಡುವ ಗೆಡ್ಡೆ. ಗೋವೆನ್ ಎಂಬುದು ಕರುಳನ್ನು ಕತ್ತರಿಸುವ ಸೊಪ್ಪು ಎಂದೇ ಜನರು ಹೆದರುತ್ತಿದ್ದ ವಿಷದ ಬಳ್ಳಿ. ಇವೆರಡೂ ನೋಡಲು ಒಂದೇ ರೀತಿ ಇರುತ್ತವೆಂದು ಹಿಂದಿನ ವಿದ್ವಾಂಸರು ಬರೆದಿದ್ದರು. ಪುಸ್ತಕವನ್ನು ನಂಬಿ ಕಾಡಿಗೆ ಹೋದವನು ಒಂದರ ಬದಲು ಇನ್ನೊಂದನ್ನು ಕಿತ್ತು ತಂದರೆ, ಆ ತಪ್ಪಿಗೆ ತಿದ್ದುಪಡಿ ಇಲ್ಲ.

ಪೇಟೆಯ ಮೋಸ ಇದಕ್ಕೆ ಕೂಡಿಕೊಂಡಿತ್ತು. ಜಿನ್‌ಸೆಂಗ್ ಬಹಳ ಬೆಲೆ ಬಾಳುವ ಬೇರು. ಅದನ್ನೇ ಹೋಲುವ ಅಗ್ಗದ ಬೇರುಗಳನ್ನು ಅದರ ಹೆಸರಿನಲ್ಲಿ ಮಾರುವವರಿದ್ದರು. ಇನ್ನೂ ಕೆಲವರು ನಿಜವಾದ ಜಿನ್‌ಸೆಂಗನ್ನೇ ನೀರಿನಲ್ಲಿ ನೆನೆಯಿಟ್ಟು, ಸಾರವನ್ನು ತಾವು ಕುಡಿದು, ಉಳಿದ ಬೇರನ್ನು ಮತ್ತೆ ಬಿಸಿಲಿನಲ್ಲಿ ಒಣಗಿಸಿ ಮಾರುತ್ತಿದ್ದರು! ಕೊಂಡವನಿಗೆ ದೊರೆಯುತ್ತಿದ್ದುದು ಬರಿಯ ನಾರು. ಈ ಕುಟಿಲವನ್ನು ಷಿಜೆನ್ನನು ತನ್ನ ಗ್ರಂಥದಲ್ಲಿ ಬಯಲಿಗೆಳೆದಿದ್ದಾನೆ.

ಚಿಕಿತ್ಸೆಯಲ್ಲಿ ಅವನ ಕೈಗುಣ ಸುತ್ತಲೂ ಹಬ್ಬಿತು. ವೂಚಾಂಗ್‌ನಲ್ಲಿ ನೆಲೆಸಿದ್ದ ಚೂ ರಾಜಕುಮಾರನು ಅವನನ್ನು ತನ್ನ ಅರಮನೆಯ ಸೇವೆಗೆ ಕರೆಸಿಕೊಂಡನು. ಅಲ್ಲಿ ರಾಜಕುಮಾರನ ಮಗು ಎಚ್ಚರ ತಪ್ಪಿದಾಗ ಷಿಜೆನ್ನನು ಬದುಕಿಸಿದನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅಲ್ಲಿಂದ ಬೀಜಿಂಗ್‌ನ ರಾಜವೈದ್ಯಶಾಲೆಗೆ ಅವನನ್ನು ಕಳುಹಿಸಲಾಯಿತು. ಆಗ ಆಳುತ್ತಿದ್ದ ಜ್ಯಾಜಿಂಗ್ ಚಕ್ರವರ್ತಿಗೆ ಸಾವಿಲ್ಲದ ಬಾಳಿನ ಹುಚ್ಚು ಹಿಡಿದಿತ್ತು. ಇಂಗಲೀಕ, ಪಾದರಸ, ಸೀಸಗಳನ್ನು ಕಾಯಿಸಿ ಮಾಡುವ ಗುಳಿಗೆಗಳಿಂದ ಅಮರತ್ವ ದೊರೆಯುವುದೆಂದು ನಂಬಿಸುವವರಿಗೆ ಆಸ್ಥಾನದಲ್ಲಿ ಆದರ. ಷಿಜೆನ್ನನು ಅಲ್ಲಿ ಬಹುಕಾಲ ನಿಲ್ಲದೆ ಊರಿಗೆ ಮರಳಿದನು. ಪಾದರಸವನ್ನು ಅಮೃತವೆಂದು ಬಣ್ಣಿಸಿದ ಹಳೆಯ ವಿದ್ವಾಂಸರನ್ನು ಅವನು ಮುಂದೆ ತನ್ನ ಬರಹದಲ್ಲಿ ಕಠಿನವಾಗಿ ಖಂಡಿಸಿದನು. ಚಕ್ರವರ್ತಿಗಳೇ ಆ ಗುಳಿಗೆಗಳನ್ನು ನುಂಗುತ್ತಿದ್ದ ಕಾಲದಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕಿತ್ತು.

1552ರಲ್ಲಿ, ಮೂವತ್ತೈದರ ಹೊಸ್ತಿಲಿನಲ್ಲಿ, ಅವನು ತನ್ನ ಬಾಳಿನ ಮುಖ್ಯ ಕಾರ್ಯವನ್ನು ಆರಂಭಿಸಿದ್ದನು. ಚೀನದಲ್ಲಿ ಬಳಕೆಯಲ್ಲಿದ್ದ ಸಮಸ್ತ ಔಷಧಿಗಳನ್ನೂ ಹೊಸದಾಗಿ ಪರೀಕ್ಷಿಸಿ, ತಪ್ಪುಗಳನ್ನು ತೆಗೆದು, ಒಂದು ಕ್ರಮದಲ್ಲಿ ಜೋಡಿಸಬೇಕು ಎಂಬುದು ಅವನ ಸಂಕಲ್ಪ. ಸುಮಾರು 800 ಗ್ರಂಥಗಳನ್ನು ಅವನು ಓದಿದನು. ಆದರೆ ಓದಿದುದನ್ನು ಕಣ್ಣಿನಿಂದ ಒರೆಗೆ ಹಚ್ಚದೆ ಒಪ್ಪುತ್ತಿರಲಿಲ್ಲ. ಬೆಟ್ಟ ಕಾಡುಗಳನ್ನು ಸುತ್ತಿದನು. ರೈತರು, ಬೆಸ್ತರು, ಬೇಟೆಗಾರರು, ಸೌದೆ ಕಡಿಯುವವರು, ಹಾವು ಹಿಡಿಯುವವರು, ಇವರೆಲ್ಲರನ್ನೂ ಕೇಳಿ ತಿಳಿದನು. ಪರೀಕ್ಷೆಯಲ್ಲಿ ಗೆದ್ದು ಪಲ್ಲಕ್ಕಿಯಲ್ಲಿ ಕುಳಿತಿದ್ದರೆ ಇಂಥವರ ಮಾತು ಅವನ ಕಿವಿಗೆ ಬೀಳುತ್ತಿತ್ತೇ ಎಂದು ಯೋಚಿಸುವಂತಾಗುತ್ತದೆ.

ಚೀಜೌವಿನ ಬಿಳಿ ಹೂಚುಕ್ಕೆಯ ಹಾವು ವಾತರೋಗಕ್ಕೆ ಮದ್ದೆಂದು ಹೆಸರಾಗಿತ್ತು. ಅರಮನೆಗೂ ಅದು ಹೋಗುತ್ತಿತ್ತು. ಆದರೆ ಪೇಟೆಯಲ್ಲಿ ಆ ಹೆಸರಿನಿಂದ ಮಾರುತ್ತಿದ್ದ ಹಾವುಗಳಲ್ಲಿ ಬಹುಪಾಲು ನದಿಯ ಆಚೆ ದಡದಿಂದ ಬಂದವು. ಷಿಜೆನ್ನನು ಹಾವಾಡಿಗರ ಜೊತೆ ಗುಡ್ಡ ಹತ್ತಿ, ನಿಜವಾದ ಹಾವನ್ನು ಹಿಡಿಯುವುದನ್ನು ಕಣ್ಣಾರೆ ಕಂಡನೆಂದು ಹೇಳುತ್ತಾರೆ. ಅದರ ಪಕ್ಕೆಗಳ ಮೇಲೆ ವಜ್ರಾಕಾರದ 24 ಗುರುತುಗಳಿರುತ್ತವೆಂದೂ, ಮರಳನ್ನು ಎರಚಿದರೆ ಸುರುಳಿ ಸುತ್ತಿ ಅಲ್ಲಾಡದೆ ಬೀಳುತ್ತದೆಂದೂ ಅವನು ಬರೆದಿದ್ದಾನೆ. ಚಿಪ್ಪುಹಂದಿಯು ಇರುವೆಗಳನ್ನು ತಿನ್ನುತ್ತದೆಂಬ ಹಳೆಯ ಮಾತು ನಿಜವೇ ಎಂದು ನೋಡಲು ಅದರ ಹೊಟ್ಟೆಯನ್ನೇ ಸೀಳಿಸಿದನು. ಒಳಗೆ ಒಂದು ಸೇರಿನಷ್ಟು ಇರುವೆಗಳು ಸಿಕ್ಕವು. ಅಳಿವಿನ ಅಂಚಿಗೆ ಬಂದಿರುವ ಈ ಪ್ರಾಣಿಯ ಚಿಪ್ಪನ್ನು ಚೀನ ಸರ್ಕಾರವು 2020ರಲ್ಲಿ ತನ್ನ ಅಧಿಕೃತ ಔಷಧಕೋಶದ ಪಟ್ಟಿಯಿಂದ ಕೈಬಿಟ್ಟಿತು.

ದತ್ತೂರಿಯ ವಿಷಯದಲ್ಲಿ ಅವನು ತನ್ನ ಮೈಯನ್ನೇ ಒಡ್ಡಿದನು. ಚೀನೀಯರು ಆ ಗಿಡವನ್ನು ಮಾಂತುವೋಲುವೋ ಎನ್ನುತ್ತಾರೆ. ಅದು ನಮ್ಮ ಮಂದಾರ ಎಂಬ ಸಂಸ್ಕೃತ ಶಬ್ದವೇ. ಬುದ್ಧನು ಧರ್ಮವನ್ನು ಬೋಧಿಸುವಾಗ ಆಕಾಶದಿಂದ ಮಂದಾರದ ಹೂಮಳೆ ಸುರಿಯಿತೆಂಬ ಕಥೆಯೊಡನೆ ಆ ಮಾತು ಬೌದ್ಧ ಗ್ರಂಥಗಳ ಮೂಲಕ ಚೀನಕ್ಕೆ ಹೋಯಿತು; ಷಿಜೆನ್ನನೂ ಆ ಕಥೆಯನ್ನು ಹೇಳಿದ್ದಾನೆ. ನಗುತ್ತ ಕಿತ್ತ ಹೂವನ್ನು ಮದ್ಯದಲ್ಲಿ ಹಾಕಿ ಕುಡಿದವನು ನಗುತ್ತಾನೆ, ಕುಣಿಯುತ್ತ ಕಿತ್ತುದನ್ನು ಕುಡಿದವನು ಕುಣಿಯುತ್ತಾನೆ ಎಂಬ ನಂಬಿಕೆ ಜನರಲ್ಲಿತ್ತು. ಷಿಜೆನ್ನನು ಅದನ್ನು ಕುಡಿದು ನೋಡಿದನು. ಅರ್ಧ ಅಮಲೇರಿದಾಗ ಎದುರಿಗಿರುವವರು ನಕ್ಕರೆ ಅಥವಾ ಕುಣಿದರೆ ಕುಡಿದವನೂ ಹಾಗೆಯೇ ಮಾಡುತ್ತಾನೆ, ಇಷ್ಟೇ ಇದರ ಗುಟ್ಟು ಎಂದು ಕಂಡುಕೊಂಡನು. ಹುಣ್ಣನ್ನು ಕೊಯ್ಯುವಾಗ ನೋವು ತಿಳಿಯದಂತೆ ಮಾಡಲು ಇದನ್ನು ಬಳಸುವ ಕ್ರಮವನ್ನೂ ಬರೆದನು. ದತ್ತೂರಿಯು ಪ್ರಾಣ ತೆಗೆಯುವ ವಿಷ. ಅಂಥದನ್ನು ಕುಡಿದು ಬದುಕಿ ಬಂದುದು ಅವನ ಪುಣ್ಯವೆನ್ನಬೇಕು.

ಸರಿಯಾದ ಮೂಲಿಕೆಯನ್ನು ಆರಿಸಿದ ಮಾತ್ರಕ್ಕೆ ವೈದ್ಯನ ಕೆಲಸ ಮುಗಿಯುವುದಿಲ್ಲ. ಆದುದರಿಂದ ಷಿಜೆನ್ನನು ಔಷಧಿಯ ಹೆಸರುಗಳು, ಹುಟ್ಟುವ ಸ್ಥಳ, ರೂಪ, ಹಿಂದಿನವರ ತಪ್ಪುಗಳು, ರುಚಿ ಮತ್ತು ಗುಣಗಳನ್ನು ಹೇಳುವಾಗ, ಅದನ್ನು ಹದಗೊಳಿಸುವ ವಿಧಾನಕ್ಕೆ ಬೇರೆಯಾಗಿಯೇ ಜಾಗವಿಟ್ಟನು. ದೀಹ್ವಾಂಗ್ ಎಂಬ ಗೆಡ್ಡೆಯನ್ನು ನೋಡಿ. ಹಸಿಯದಾದರೆ ಅದು ಮೈಯ ಕಾವನ್ನು ಇಳಿಸುವ ತಂಪು ಮದ್ದು. ಅದನ್ನೇ ಮದ್ಯದಲ್ಲಿ ನೆನೆಸಿ, ಒಂಬತ್ತು ಬಾರಿ ಹಬೆಯಲ್ಲಿ ಬೇಯಿಸಿ, ಒಂಬತ್ತು ಬಾರಿ ಒಣಗಿಸಿದರೆ ಕಾಡಿಗೆಯಂತೆ ಕಪ್ಪಾಗಿ, ಸಿಹಿಯಾಗಿ, ಬಳಲಿದವರಿಗೆ ಬಲ ಕೊಡುವ ಮದ್ದಾಗುತ್ತದೆ. ವತ್ಸನಾಭಿಯ ಜಾತಿಯ ಬೇರು ಹಸಿಯಾಗಿದ್ದರೆ ವಿಷ. ನೆನೆಸಿ, ಬಹಳ ಹೊತ್ತು ಬೇಯಿಸಿ ವಿಷವನ್ನು ತಗ್ಗಿಸದೆ ವೈದ್ಯನು ಅದನ್ನು ರೋಗಿಗೆ ಮುಟ್ಟಿಸುವಂತಿಲ್ಲ. ಆಯ್ ಸೊಪ್ಪನ್ನು ಐದನೆಯ ತಿಂಗಳ ಐದನೆಯ ದಿನ ಕೊಯ್ದು, ಬಿಸಿಲಿನಲ್ಲಿ ಒಣಗಿಸಿ, ಕಲ್ಲಿನ ಒರಳಿನಲ್ಲಿ ಕುಟ್ಟಿ, ಜರಡಿಯಾಡಿ, ಹತ್ತಿಯಂತೆ ನಯವಾಗಿ ಮಾಡಿಕೊಳ್ಳಬೇಕು. ಮೈಯ ಮೇಲಿನ ಗೊತ್ತಾದ ಸ್ಥಾನಗಳಲ್ಲಿ ಅದನ್ನು ಸುಟ್ಟು ಕಾವು ಕೊಡುವುದು ಚೀನೀ ವೈದ್ಯದ ಒಂದು ಪದ್ಧತಿ. ಅದಕ್ಕೆ ಹಳೆಯ ಸೊಪ್ಪೇ ಆಗಬೇಕು, ಹೊಸದು ಮಾಂಸವನ್ನು ಕೆಡಿಸುತ್ತದೆ ಎಂದು ಅವನು ಎಚ್ಚರಿಸಿದ್ದಾನೆ.

ಕಷಾಯ ಕಾಯಿಸುವುದನ್ನು ಅವನು ಎಷ್ಟು ದೊಡ್ಡ ವಿದ್ಯೆಯೆಂದು ತಿಳಿದಿದ್ದನೆಂದರೆ, ಗ್ರಂಥದ ವಿಭಾಗಗಳು ಆರಂಭವಾಗುವುದೇ ನೀರು ಮತ್ತು ಬೆಂಕಿಯಿಂದ. 43 ಬಗೆಯ ನೀರು, 11 ಬಗೆಯ ಬೆಂಕಿ ಅಲ್ಲಿ ಬರುತ್ತವೆ. ಮೂಲಿಕೆ ಉತ್ತಮವಾಗಿರಬಹುದು, ಅದನ್ನು ಶಾಸ್ತ್ರದಂತೆ ಹದಗೊಳಿಸಿಯೂ ಇರಬಹುದು. ಆದರೆ ಕಾಯಿಸುವವನು ಅವಸರಗೇಡಿಯಾದರೆ, ನೀರು ಕೆಟ್ಟದಾದರೆ, ಉರಿ ಹದ ತಪ್ಪಿದರೆ, ಆ ಮದ್ದಿನಿಂದ ಫಲವಿಲ್ಲವೆಂಬುದು ಅವನ ಮತ. ಅನ್ನದ ರುಚಿಯೂ ಚಹದ ರುಚಿಯೂ ನೀರನ್ನೂ ಬೆಂಕಿಯನ್ನೂ ಅವಲಂಬಿಸಿಲ್ಲವೇ ಎಂದು ಅವನು ಉದಾಹರಣೆ ಕೊಡುತ್ತಾನೆ. ಅನುಭವವಿರುವ ಹಿರಿಯರೊಬ್ಬರು ಆಳವಾದ ಪಾತ್ರೆಯ ಬಾಯನ್ನು ಮುಚ್ಚಿ, ಶುದ್ಧವಾದ ಹೊಸ ನೀರಿನಲ್ಲಿ, ಮೊದಲು ದೊಡ್ಡ ಉರಿಯಿಂದಲೂ ಆಮೇಲೆ ಸಣ್ಣ ಉರಿಯಿಂದಲೂ ಕಾಯಿಸಬೇಕು ಎಂಬುದು ಅವನು ಹೇಳುವ ಕ್ರಮ. ನಮ್ಮ ಮನೆಗಳಲ್ಲಿ ಅಜ್ಜಿಯರು ಶುಂಠಿ ಮೆಣಸಿನ ಕಷಾಯಕ್ಕೆ ನಿಂತಾಗ ಒಲೆಯ ಬಳಿ ಮಕ್ಕಳನ್ನು ಬಿಡದಿರುವುದು ಇಲ್ಲಿ ನೆನಪಿಗೆ ಬರುತ್ತದೆ.

ರೋಗ ಬಂದ ಮೇಲಿನ ಮದ್ದಿನಷ್ಟೇ, ರೋಗ ಬಾರದಂತೆ ನೋಡಿಕೊಳ್ಳುವ ದಿನನಿತ್ಯದ ಆಹಾರಕ್ಕೂ ಗ್ರಂಥದಲ್ಲಿ ಸ್ಥಾನ ಸಿಕ್ಕಿದೆ. ಹೆಸರುಕಾಳು, ತಾವರೆಯ ಬೀಜ, ಗೆಣಸಿನ ಜಾತಿಯ ಗೆಡ್ಡೆ, ಶುಂಠಿ ಮೊದಲಾದವನ್ನು ಅಕ್ಕಿಯೊಡನೆ ಬೇಯಿಸಿ ಮಾಡುವ ಗಂಜಿಗಳನ್ನು ಅವನು ಸಾಲಾಗಿ ವಿವರಿಸಿದ್ದಾನೆ. ಚಹದ ಮಾತು ಬಂದಾಗ ಸ್ವಂತ ಅನುಭವವನ್ನೇ ಹೇಳಿಕೊಂಡಿದ್ದಾನೆ. ಯೌವನದಲ್ಲಿ ಹೊಸ ಚಹವನ್ನು ಬಟ್ಟಲುಗಟ್ಟಲೆ ಕುಡಿದು ಸುಖಪಡುತ್ತಿದ್ದವನಿಗೆ ನಡುವಯಸ್ಸಿನಲ್ಲಿ ಜೀರ್ಣಶಕ್ತಿ ಕುಗ್ಗಿದ ಮೇಲೆ ಅದೇ ಚಹ ಒಗ್ಗದಾಯಿತು.

ಬರೆದುದನ್ನು ಮೂರು ಬಾರಿ ತಿದ್ದಿ, 1578ರಲ್ಲಿ ಅವನು ಗ್ರಂಥವನ್ನು ಮುಗಿಸಿದನು. ಅಷ್ಟು ಹೊತ್ತಿಗೆ ಅವನಿಗೆ ಅರುವತ್ತು ತುಂಬಿತ್ತು. ಗ್ರಂಥದ ಹೆಸರು ಬೆನ್‌ತ್ಸಾವ್ ಗಾಂಗ್‌ಮು. ಔಷಧಿಗಳ ವರ್ಗೀಕೃತ ಕೋಶ ಎಂದು ಅರ್ಥ ಮಾಡಬಹುದು. ಅದರಲ್ಲಿ 52 ಸಂಪುಟಗಳು, 1,892 ಔಷಧಿಗಳು, ಹನ್ನೊಂದು ಸಾವಿರಕ್ಕೂ ಮಿಕ್ಕಿದ ಯೋಗಗಳು, ಸಾವಿರಕ್ಕೂ ಹೆಚ್ಚು ಚಿತ್ರಗಳು ಇವೆ. ಔಷಧಿಗಳಲ್ಲಿ 374 ಹಿಂದಿನ ಯಾವ ಕೋಶದಲ್ಲಿಯೂ ಇಲ್ಲದವು. ಗಾಯದ ರಕ್ತವನ್ನು ನಿಲ್ಲಿಸಲು ದಕ್ಷಿಣದ ಸೈನಿಕರು ಬಳಸುತ್ತಿದ್ದ ಸಾನ್‌ಚಿ ಎಂಬ ಬೇರು ಹೀಗೆ ಗ್ರಂಥಸ್ಥವಾದುದು. ಮಕ್ಕಳೂ ಶಿಷ್ಯನೂ ಪ್ರತಿ ತಿದ್ದುವುದರಲ್ಲಿ, ಚಿತ್ರ ಬರೆಯುವುದರಲ್ಲಿ ನೆರವಾದರು. ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಇಂದಿನ ವಿಜ್ಞಾನ ಒಪ್ಪದ ಎಷ್ಟೋ ನಂಬಿಕೆಗಳು ಅದರಲ್ಲಿ ಉಳಿದಿವೆ, ವಿಷವೆಂದು ಈಗ ತಿಳಿದಿರುವ ವಸ್ತುಗಳೂ ಮದ್ದಿನ ಪಟ್ಟಿಯಲ್ಲಿವೆ. ಅವನು ಎಲ್ಲವನ್ನೂ ಒಬ್ಬನೇ ಪರೀಕ್ಷಿಸುವುದು ಸಾಧ್ಯವಿರಲಿಲ್ಲ.

ಗ್ರಂಥವೇನೋ ಮುಗಿಯಿತು, ಅಚ್ಚು ಹಾಕುವವರು ಯಾರು? ಹತ್ತೊಂಬತ್ತು ಲಕ್ಷದಷ್ಟು ಅಕ್ಷರಗಳನ್ನು ಒಂದೊಂದಾಗಿ ಮರದ ಹಲಗೆಯ ಮೇಲೆ ತಿರುಗುಮುರುಗಾಗಿ ಕೆತ್ತಬೇಕು. ಹೆಸರಿಲ್ಲದ ಊರಿನ ವೈದ್ಯನೊಬ್ಬನ ಪುಸ್ತಕಕ್ಕೆ ಅಷ್ಟು ಹಣ ಸುರಿಯಲು ಪ್ರಕಾಶಕರು ಮುಂದೆ ಬರಲಿಲ್ಲ. 1580ರಲ್ಲಿ ಷಿಜೆನ್ನನು ಹಸ್ತಪ್ರತಿಯೊಡನೆ ದೂರದ ತೈತ್ಸಾಂಗ್‌ಗೆ ಪ್ರಯಾಣ ಮಾಡಿ, ಆ ಕಾಲದ ಹೆಸರಾಂತ ಸಾಹಿತಿಯಾದ ವಾಂಗ್ ಷಿಜೆನ್ನನನ್ನು ಕಂಡು ಮುನ್ನುಡಿ ಬೇಡಿದನು. ಇಬ್ಬರ ಹೆಸರೂ ಕೇಳಲು ಒಂದೇ. ಭಾಗ್ಯ ಮಾತ್ರ ಬೇರೆ. ಮುನ್ನುಡಿ ಕೈಸೇರಿದುದು 1590ರಲ್ಲಿ, ಹತ್ತು ವರ್ಷಗಳ ಮೇಲೆ! ಆಮೇಲೆ ನಾನ್‌ಜಿಂಗ್ ನಗರದ ಹೂ ಚೆಂಗ್‌ಲುಂಗ್ ಎಂಬ ಪ್ರಕಾಶಕನು ಕೆಲಸಕ್ಕೆ ಕೈಹಾಕಿದನು. ಹಲಗೆಗಳ ಕೆತ್ತನೆ ನಡೆಯುತ್ತಿದ್ದ ವರ್ಷಗಳಲ್ಲಿಯೇ, 1593ರಲ್ಲಿ, ಷಿಜೆನ್ನನು ಕಣ್ಮುಚ್ಚಿದನು. ಗ್ರಂಥವು ಲೋಕದ ಕೈಗೆ ಬಂದುದನ್ನು ಅವನು ನೋಡಲಿಲ್ಲ.

1596ರಲ್ಲಿ ಮಗ ಲೀ ಜ್ಯಾನ್‌ಯುವಾನ್ ಗ್ರಂಥವನ್ನು ವಾನ್‌ಲೀ ಚಕ್ರವರ್ತಿಗೆ ಒಪ್ಪಿಸಿದನು. ಪುಸ್ತಕವನ್ನು ಇಟ್ಟುಕೊಳ್ಳಲಾಗಿದೆ, ಸಂಬಂಧಪಟ್ಟ ಇಲಾಖೆಯವರು ಗಮನಿಸಲಿ ಎಂಬಷ್ಟಕ್ಕೆ ಅರಮನೆಯ ಉತ್ತರ ಮುಗಿಯಿತು. ಆದರೆ ವೈದ್ಯರು ಕಾಯಲಿಲ್ಲ. 1603ರಲ್ಲಿ ಜ್ಯಾಂಗ್‌ಶಿ ಪ್ರಾಂತದಲ್ಲಿ ಅದು ಮತ್ತೆ ಅಚ್ಚಾಯಿತು. 1607ರ ವೇಳೆಗೆ ಜಪಾನನ್ನು ತಲಪಿತು. 2011ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವದ ಸ್ಮೃತಿ ಎಂಬ ತನ್ನ ಪಟ್ಟಿಗೆ ಸೇರಿಸಿತು.

ಷಿಜೆನ್ನನು ಹೆಸರುಗಳ ಗೊಂದಲಕ್ಕೆ ಏಕೆ ಅಷ್ಟು ಅಂಜಿದನೆಂಬುದಕ್ಕೆ ನಮ್ಮ ಕಾಲದ ಸಾಕ್ಷಿಯೂ ಇದೆ. ಫಾಂಗ್‌ಜಿ ಎಂಬ ಹೆಸರು ಚೀನದಲ್ಲಿ ಎರಡು ಬೇರೆ ಗಿಡಗಳ ಬೇರುಗಳಿಗೆ ಸಲ್ಲುತ್ತದೆ. ಅವುಗಳಲ್ಲಿ ಒಂದು ಮೂತ್ರಪಿಂಡವನ್ನು ಹಾಳುಮಾಡುವಂಥದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ, ಮೈ ಇಳಿಸುವ ಗುಳಿಗೆಗಳಲ್ಲಿ ಒಂದರ ಬದಲು ಇನ್ನೊಂದು ಸೇರಿಹೋಗಿ, ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಹದಗೊಳಿಸುವ ವಿಧಾನದ ಮಹತ್ವಕ್ಕೆ ಸಾಕ್ಷಿ ಇನ್ನಷ್ಟು ಸಂತೋಷದ್ದು. ಮಾಚಿಪತ್ರೆಯ ಜಾತಿಯದೇ ಆದ ಚಿಂಗ್‌ಹಾವ್ ಎಂಬ ಸೊಪ್ಪನ್ನು ಚಳಿಜ್ವರಕ್ಕೆ ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಿ ರಸವನ್ನು ಕುಡಿಯಬೇಕೆಂದು ನಾಲ್ಕನೆಯ ಶತಮಾನದ ಗ ಹುಂಗ್ ಎಂಬ ವೈದ್ಯನು ಬರೆದಿದ್ದನು. ಷಿಜೆನ್ನನು ಆ ಯೋಗವನ್ನು ತನ್ನ ಕೋಶದಲ್ಲಿ ಕಾಪಾಡಿದ್ದನು. ಬೀಜಿಂಗ್‌ನ ವಿಜ್ಞಾನಿ ತೂ ಯೂಯೂ ಅವರು ಗ ಹುಂಗನ ಬರಹದಿಂದ ಸುಳಿವು ಪಡೆದು, ಹೆಚ್ಚಿನ ಕಾವು ಸೊಪ್ಪಿನ ಗುಣವನ್ನು ಕೆಡಿಸುತ್ತದೆಂದು ಊಹಿಸಿ, 1971ರಲ್ಲಿ ಕಡಿಮೆ ಕಾವಿನಲ್ಲಿ ಅದರ ಸಾರವನ್ನು ತೆಗೆದರು. ಮಲೇರಿಯಕ್ಕೆ ಇಂದು ಮುಖ್ಯ ಮದ್ದಾಗಿರುವ ಆರ್ಟಿಮಿಸಿನಿನ್ ದೊರೆತುದು ಹೀಗೆ. ಅದಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಚೀಜೌವಿನ ಮಳೆಕೆರೆಯ ದಡದಲ್ಲಿ ಷಿಜೆನ್ನನನ್ನು ಅವನ ಹೆಂಡತಿಯೊಡನೆ ಸಮಾಧಿ ಮಾಡಿದ್ದಾರೆ. ತಂದೆತಾಯಿಗಳ ಸಮಾಧಿಯೂ ಹತ್ತಿರದಲ್ಲಿಯೇ ಇದೆ. ಆ ಸೀಮೆಯಲ್ಲಿ ಆಯ್ ಸೊಪ್ಪು ಈಗಲೂ ದೊಡ್ಡ ಬೆಳೆ. ಐದನೆಯ ತಿಂಗಳ ಐದನೆಯ ದಿನದ ಹಬ್ಬಕ್ಕೆ ಜನರು ಅದನ್ನು ಕೊಯ್ದು ತಂದು ಮನೆಯ ಬಾಗಿಲಿಗೆ ಕಟ್ಟುತ್ತಾರೆ.